ಅಕ್ಕನ ಹೆಬ್ಬೆರಳಿಗೆ ಒಂದು ರಿಮೋಟು

ವ್ರೆಲಿಷ್ಟೆ, ೩ ಸೆಪ್ಟೆಂಬರ್ ೨೦೧೮

ಪ್ರೀತಿಯ ಯಾಗೊದಾ,

ನಮ್ಮ ಕಣಿವೆಗೆ ವಿದ್ಯುತ್ತು ತಂದವನು ನಾನು. ಆಗ ನನಗೆ ಆರು ವರ್ಷ. ಬೆಲ್‌ಗ್ರೇಡಿನಿಂದ ಬಂದ ಎಂಜಿನಿಯರುಗಳು ಹೊಳೆಯ ಆಚೆ ದಡದಲ್ಲಿ ತಂತಿ ಹಿಡಿದುಕೊಂಡು ಎರಡು ದಿನ ತಲೆ ಕೆರೆಯುತ್ತ ಕೂತಿದ್ದರು. ಮೂರನೆಯ ದಿನ ನಾನು ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಈಜಿ ಈಚೆ ಬಂದೆ. ಅವತ್ತು ಹಲ್ಲಿಗೆ ಹೊಡೆದ ಶಾಕು ಇನ್ನೂ ಮೈಯಲ್ಲಿ ಇದೆ. ಅದಕ್ಕೇ ಯಾವ ಕರೆಂಟಿನ ಯಂತ್ರವಾದರೂ ನನ್ನನ್ನು ಕಂಡರೆ ಸಾಕಿದ ನಾಯಿಯ ಹಾಗೆ ಬಾಲ ಅಲ್ಲಾಡಿಸುತ್ತದೆ. ನಮ್ಮಕ್ಕ, ಅದೇ ನಿಮ್ಮಮ್ಮ, ಇದನ್ನು ನಂಬುವುದಿಲ್ಲ. ಅವತ್ತು ದಡದಲ್ಲಿ ನನ್ನ ಚಡ್ಡಿ ಹಿಡಿದುಕೊಂಡು ನಿಂತವಳೇ ಅವಳು, ಆದರೂ ನಂಬುವುದಿಲ್ಲ.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ನಾನು ನಿನ್ನನ್ನು ಸಲಹೆ ಕೇಳುತ್ತಿದ್ದೇನೆ ಎಂದು ನೀನು ತಿಳಿಯಬಾರದು. ನೀನು ಮಠ ಸೇರುವ ಮುಂಚೆ ಎಂಟು ವರ್ಷ ಕಾರ್ಖಾನೆಯಲ್ಲಿ ರೇಡಿಯೋ ಬಿಡಿಭಾಗಗಳ ಎಂಜಿನಿಯರಾಗಿದ್ದವಳು. ಓದಿದ್ದು ಮರೆತುಹೋಗದಿರಲಿ ಎಂದು ನಿನಗೊಂದು ಅವಕಾಶ ಕೊಡುತ್ತಿದ್ದೇನೆ, ಅಷ್ಟೇ.

ಅಕ್ಕನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯಿತು. ಬಲಗೈಯ ಹೆಬ್ಬೆರಳೊಂದು ಬಿಟ್ಟರೆ ಕುತ್ತಿಗೆಯ ಕೆಳಗೆ ಏನೂ ಅವಳ ಮಾತು ಕೇಳುವುದಿಲ್ಲ. ಬಾಯಲ್ಲಿ ನಾಲ್ಕೈದು ಮಾತು ಉಳಿದಿವೆ. ಅದರಲ್ಲಿ ಒಂದು ನನ್ನ ಹೆಸರಿನ ಅರ್ಧ, ಇನ್ನೊಂದು ಒಂದು ಬೈಗುಳ. ಅದು ಮಾತ್ರ ಪೂರ್ತಿ ಇದೆ. ಮನೆಗೆ ಬರುವ ದಾದಿ ರೊಸಾಂದಾ ಮೊನ್ನೆ ಅಂದಳು: "ವುಕಾಶಿನ್, ಆ ಹೆಬ್ಬೆರಳು ಸುಮ್ನೆ ಯಾಕೆ ಬಿದ್ದಿರ್ಬೇಕು. ಕೈಲಿ ಒಂದು ರಿಮೋಟು ಇಟ್ರೆ ದೀಪ ತಾನೇ ಹಾಕ್ಕೋತಾಳೆ, ನಿನ್ನ ತಾನೇ ಕರೀತಾಳೆ. ಈಗ ಎಲ್ಲಾ ತಂತಿ ಇಲ್ದೆ ಬರುತ್ತೆ."

ಅಕ್ಕ ಅದನ್ನು ಕೇಳಿಸಿಕೊಂಡಳು. ಆವತ್ತಿನಿಂದ ಆ ಬೆರಳನ್ನು ಹೊದಿಕೆಯ ಮೇಲೆ ಆಡಿಸುತ್ತಲೇ ಇದ್ದಾಳೆ, ಪರೀಕ್ಷೆಗೆ ಓದುವವರ ಹಾಗೆ. ದುಡ್ಡಿನ ಚಿಂತೆಯಿಲ್ಲ. ಮೂವತ್ತು ವರ್ಷ ಸಹಕಾರ ಸಂಘಕ್ಕೆ ಸ್ವೆಟರ್ ಹೆಣೆದು ಕೂಡಿಟ್ಟದ್ದು ಸಕ್ಕರೆ ಡಬ್ಬಿಯಲ್ಲಿದೆ. ಅದನ್ನು ಇದಕ್ಕೇ ತೆಗೆ ಎಂದು ಕಣ್ಣಲ್ಲೇ ಹೇಳಿದ್ದಾಳೆ.

ಯಾವುದನ್ನು ಕೊಳ್ಳಬೇಕು ಎಂದು ನನಗೆ ಗೊತ್ತಿದೆ. ನೀನೂ ಬರೆ.

ನಿನ್ನ ಮಾವ,
ವುಕಾಶಿನ್

ಮರೆತಿದ್ದೆ: ಮಠದವರು ಕೊಟ್ಟ ನಿನ್ನ ಹೊಸ ಹೆಸರನ್ನು ಲಕೋಟೆಯ ಮೇಲೆ ಅಂಚೆಯವನಿಗಾಗಿ ಬರೆದಿದ್ದೇನೆ. ಒಳಗೆ ಬರೆಯುವುದಿಲ್ಲ.


೨೪ ಸೆಪ್ಟೆಂಬರ್ ೨೦೧೮

ಪೂಜ್ಯ ಮಾವನಿಗೆ,

ಮಠದ ಹಿರಿಯಮ್ಮನ ಅಪ್ಪಣೆ ಪಡೆದು ಬರೆಯುತ್ತಿದ್ದೇನೆ. ತಿಂಗಳಿಗೆ ಒಂದೇ ಕಾಗದ ಎಂಬ ನಿಯಮವಿರುವುದರಿಂದ ಹೇಳಬೇಕಾದ್ದನ್ನೆಲ್ಲ ಇದರಲ್ಲೇ ತುಂಬುತ್ತೇನೆ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಬಗೆಯ ರಿಮೋಟು ಗುಂಡಿ ಒತ್ತಿದಾಗ ಸಂಕೇತವನ್ನು ಕೂಗಿ ಸುಮ್ಮನಾಗುತ್ತದೆ. ಆಚೆಯವರಿಗೆ ಕೇಳಿಸಿತೋ ಇಲ್ಲವೋ ಅದಕ್ಕೆ ಬೇಕಿಲ್ಲ. ಇನ್ನೊಂದು ಕೂಗಿ, ಆಚೆಯಿಂದ "ಆಯಿತು" ಎಂಬ ಉತ್ತರ ಬರುವವರೆಗೆ ಕಾಯುತ್ತದೆ. ಬಾರದಿದ್ದರೆ ಮತ್ತೆ ಕೂಗುತ್ತದೆ. ಅದೂ ಸೋತರೆ ಕೆಂಪು ದೀಪ ತೋರಿಸುತ್ತದೆ. ಅಮ್ಮನಿಗೆ ಎರಡನೆಯದೇ ಬೇಕು. ಎದ್ದು ಹೋಗಿ ನೋಡಲಾಗದವರಿಗೆ ಮೊದಲನೆಯದು ಉಪಯೋಗವಿಲ್ಲ. ಬೆಲೆ ಹೆಚ್ಚಾಗುತ್ತದೆ, ಆಗಲಿ. ಇಂಟರ್ನೆಟ್ ನಿಂತಾಗಲೂ ಅದು ಕೆಲಸ ಮಾಡಬೇಕು. ನಮ್ಮ ಮನೆಯ ಗೋಡೆ ಮುಕ್ಕಾಲು ಮೀಟರ್ ದಪ್ಪದ ಕಲ್ಲಿನದು. ಆದ್ದರಿಂದ ಅಮ್ಮನ ಕೈಯಲ್ಲೇ ಇಟ್ಟು, ಬಾಗಿಲು ಮುಚ್ಚಿ, ಇಪ್ಪತ್ತು ಸಲ ಒತ್ತಿಸಿ ನೋಡಿ. ರಸೀದಿ ತೆಗೆದುಕೊಳ್ಳಿ. ಸರಿಹೋಗದಿದ್ದರೆ ಹದಿನಾಲ್ಕು ದಿನದೊಳಗೆ ಹಿಂದಿರುಗಿಸಬಹುದು.

ಇದೆಲ್ಲಕ್ಕಿಂತ ಮುಂಚೆ ಅಮ್ಮನನ್ನು ಒಂದು ಮಾತು ಕೇಳಿ: ಮೊದಲ ಗುಂಡಿ ಯಾವುದಕ್ಕೆ ಬೇಕು?

ಅವಳು ನನ್ನ ವಿಷಯ ಏನಾದರೂ ಹೇಳಿದರೆ ಬರೆಯಿರಿ. ಹೇಳದಿದ್ದರೂ ಸರಿ.

ಸೋದರಿ ಫೆವ್ರೊನಿಯಾ


ವ್ರೆಲಿಷ್ಟೆ, ೧೪ ಅಕ್ಟೋಬರ್ ೨೦೧೮

ಪ್ರೀತಿಯ ಯಾಗೊದಾ,

ಕೆಲಸ ಮುಗಿಯಿತು. ನಿನ್ನ ಕಾಗದ ತಲುಪುವ ಹೊತ್ತಿಗೆ ನಾನು ಬಸ್ಸಿಗೆ ಹೊರಟು ನಿಂತಿದ್ದೆ, ದಾರಿಯಲ್ಲೇ ಓದಿದೆ. ಎಲ್ಲ ನಾನು ಅಂದುಕೊಂಡಿದ್ದೇ.

ಕೊಂಡದ್ದು ಬೇರೆಲ್ಲೂ ಅಲ್ಲ, ನಮ್ಮ ಕುಮ್ ತಿಹೊಮಿರ್‌ನ ಅಂಗಡಿಯಲ್ಲಿ. ಗೇಟಿನ ಮೋಟರು, ಡಿಶ್ ಆಂಟೆನಾ ಮಾರುತ್ತಾನಲ್ಲ, ಈಗ ಇದನ್ನೂ ಇಟ್ಟಿದ್ದಾನೆ. ನನ್ನ ಮದುವೆಯ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತು ಕಿರೀಟ ಹಿಡಿದು ಕುಮ್ ಆದವನು ಅವನು, ಒಡಹುಟ್ಟಿದವನಿಗಿಂತ ಹೆಚ್ಚು. ಮದುವೆ ಮೂರು ವರ್ಷಕ್ಕೆ ಮುರಿಯಿತು, ಕುಮ್ ಮಾತ್ರ ಮೂವತ್ತೈದು ವರ್ಷದಿಂದ ಉಳಿದಿದ್ದಾನೆ. ಅವನ ಅಂಗಡಿ ಇರುವಾಗ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದರೆ ಊರಲ್ಲಿ ತಲೆ ಎತ್ತುವುದಕ್ಕಾಗುತ್ತದೆಯೇ?

ನೀನು ಬರೆದದ್ದನ್ನೆಲ್ಲ ಕೇಳಿದೆ.

"ಕುಮ್, ಇದು ಉತ್ತರ ಕೊಡುತ್ತಾ?"

"ಯಾರಿಗೆ?"

"ಅದೇ, ಗುಂಡಿ ಒತ್ತಿದ್ರೆ ಆಯ್ತು ಅಂತ ತಿರುಗಿ ಹೇಳುತ್ತಾ?"

ಅವನು ಒತ್ತಿ ತೋರಿಸಿದ. "ನೋಡು, ಹಸಿರು ದೀಪ ಬಂತು. ಇನ್ನೇನು, ನಿನ್ನ ಕೆನ್ನೆಗೆ ಮುತ್ತು ಕೊಡ್ಬೇಕಾ?"

ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ರಸೀದಿ ಕೇಳೋಣವೆಂದು ನಾನು ಬಾಯಿ ತೆರೆದೆ. ಅವನು ಅಷ್ಟರಲ್ಲಿ ಎರಡು ಲೋಟಕ್ಕೆ ಮನೆಯಲ್ಲೇ ಇಳಿಸಿದ ರಾಕಿಯಾ ಬಗ್ಗಿಸಿದ. ಯಾಗೊದಾ, ನೀನು ದೇವರಿಗೆ ಹತ್ತಿರ ಇರುವವಳು, ನೀನೇ ಹೇಳು. ಹೆತ್ತ ತಾಯಿಯ ಹತ್ತಿರ ಹಾಲಿಗೆ ರಸೀದಿ ಕೇಳುತ್ತಾರೆಯೇ? ಕುಮ್‌ನ ಹತ್ತಿರ ಕೇಳುವುದೂ ಅಷ್ಟೇ.

ಮೂರು ಗುಂಡಿ ಇವೆ. ಅಕ್ಕನನ್ನು ಕೇಳಿದೆ, ಮೊದಲನೆಯದು ಯಾವುದಕ್ಕೆ ಎಂದು. "ಗಾಳಿ" ಎಂದಳು. ನಾನು ಗಂಟೆ ಎಂದು ಬರೆದುಕೊಂಡೆ. ಎರಡನೆಯದು ದೀಪಕ್ಕೆ. ಮತ್ತೆ ಕೇಳಿದೆ, ಮತ್ತೆ "ಗಾಳಿ". ಕಿಟಕಿ ತೆರೆಯುವ ಮೋಟರನ್ನೂ ಕುಮ್ ಕೊಟ್ಟಿದ್ದಾನೆ, ಆದರೆ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಹಾಯುಗಾಳಿ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ವಂಶದಲ್ಲಿ ಯುದ್ಧಕ್ಕೆ ಹೋಗಿ ಸತ್ತವರಿಗಿಂತ ಎದುರುಬದುರು ಕಿಟಕಿ ತೆರೆದು ಸತ್ತವರೇ ಹೆಚ್ಚು.

ನಿನ್ನ ವಿಷಯ ಅಕ್ಕ ಏನೂ ಹೇಳಲಿಲ್ಲ. ನಿನ್ನ ಕಾಗದವನ್ನು ದಿಂಬಿನ ಅಡಿಯಲ್ಲಿ ಇಡು ಎಂದು ಕಣ್ಣಲ್ಲಿ ತೋರಿಸಿದಳು.

ನಿನ್ನ ಮಾವ,
ವುಕಾಶಿನ್


೬ ನವೆಂಬರ್ ೨೦೧೮

ಪೂಜ್ಯ ಮಾವನಿಗೆ,

ಅಮ್ಮ ಗಾಳಿ ಎಂದದ್ದು ಗಾಳಿಗೇ. ಅವಳು ಬಟ್ಟೆಗಳ ನಡುವೆ ಒಣಗಿದ ಲ್ಯಾವೆಂಡರ್ ಇಡುತ್ತಿದ್ದವಳು. ಮಲ ಮೂತ್ರ ಎಲ್ಲ ಮಲಗಿದಲ್ಲೇ ಆಗುವ ಕೋಣೆಯಲ್ಲಿ, ನಾಲ್ಕೂ ಕಡೆ ಮುಚ್ಚಿಕೊಂಡು, ಬಂದವರು ವಾಸನೆಯೇ ಬಾರದಂತೆ ನಟಿಸುವುದನ್ನು ನೋಡುತ್ತ ಮಲಗಿದ್ದಾಳೆ. ಅದನ್ನು ತಮ್ಮನ ಮುಂದೆ ಹೇಗೆ ಹೇಳುತ್ತಾಳೆ? ಬಾಯಿ ಸರಿಯಿದ್ದರೂ ಹೇಳುತ್ತಿರಲಿಲ್ಲ. ದಯವಿಟ್ಟು ಆ ಮೋಟರನ್ನು ಕಿಟಕಿಗೆ ಹಾಕಿ. ತನ್ನ ಕೋಣೆಯ ಕಿಟಕಿ ತೆರೆಯುವುದು ಮುಚ್ಚುವುದು ಅವಳ ಕೈಯಲ್ಲಿರಲಿ.

ಹಸಿರು ದೀಪದ ಬಗ್ಗೆ ನನಗೆ ನೆಮ್ಮದಿಯಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ಕಿಟಕಿಯ ಮೋಟರಿನ ವಯರನ್ನು ಗೋಡೆಯಿಂದ ಕಿತ್ತು ರಿಮೋಟು ಒತ್ತಿ. ಹಸಿರು ದೀಪ ಬರಬಾರದು. ಬಂದರೆ ಅದನ್ನು ಅಮ್ಮನ ಕೈಗೆ ಕೊಡಬೇಡಿ, ಅಂಗಡಿಗೆ ಹಿಂದಿರುಗಿಸಿ. ಎಷ್ಟು ಕೊಟ್ಟಿರಿ ಎಂದು ನೀವು ಬರೆದಿಲ್ಲ.

ಈ ತಿಂಗಳ ೨೮ರಿಂದ ಜನವರಿ ೭ರ ನಮ್ಮ ಕ್ರಿಸ್ಮಸ್‌ವರೆಗೆ ಉಪವಾಸ. ಆಗ ನಾವು ಕಾಗದ ಬರೆಯುವುದಿಲ್ಲ.

ಸೋದರಿ ಫೆವ್ರೊನಿಯಾ


ವ್ರೆಲಿಷ್ಟೆ, ೨೬ ನವೆಂಬರ್ ೨೦೧೮

ಪ್ರೀತಿಯ ಯಾಗೊದಾ,

ಮೋಟರು ಹಾಕಿದೆ. ನೀನು ಅಷ್ಟು ಹೇಳಿದ ಮೇಲೆ ನನ್ನ ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಕುರಿಚರ್ಮದ ಟೋಪಿ ಹಾಕಿಕೊಂಡು ಹಾಕಿದೆ. ಮೊದಲ ದಿನ ಅಕ್ಕ ಗುಂಡಿ ಒತ್ತಿದಳು. ಕಿಟಕಿಯ ಮೇಲುಭಾಗ ಒಂದು ಗೇಣು ಒಳಕ್ಕೆ ವಾಲಿತು. ಪೈನ್ ಮರದ ವಾಸನೆ ಬಂತು. ಅವಳು ಕಣ್ಣು ಮುಚ್ಚಿಕೊಂಡು ಮೂಗಿನಲ್ಲಿ ಎಳೆದುಕೊಂಡ ರೀತಿ ನೋಡಿದ್ದರೆ ನೀನು ಮಠ ಬಿಟ್ಟು ಬರುತ್ತಿದ್ದೆ. ಆಮೇಲೆ ಮುಚ್ಚಿದಳು, ಮತ್ತೆ ತೆರೆದಳು. ಹತ್ತು ಸಲ. ಲಕ್ವ ಹೊಡೆದ ಮೇಲೆ ಅವಳು ಮೊದಲ ಸಲ ನಕ್ಕದ್ದು ಅವತ್ತು. ನಾನು ಮೂಲೆಯಲ್ಲಿ ಟೋಪಿ ಹಾಕಿಕೊಂಡು ಸಾಯಲು ಸಿದ್ಧನಾಗಿ ಕೂತಿದ್ದೆ. ನನ್ನನ್ನು ನೋಡಿ ಆ ಬೈಗುಳವನ್ನೂ ಸ್ಪಷ್ಟವಾಗಿ ಅಂದಳು.

ಇಪ್ಪತ್ತು ಸಲದ ಪರೀಕ್ಷೆಯೂ ಆಯಿತು, ಇಪ್ಪತ್ತಕ್ಕೆ ಇಪ್ಪತ್ತು. ಅಕ್ಕನಿಗೆ ಆಯಾಸ ಯಾಕೆ ಎಂದು ನಾನೇ ಕಿಟಕಿಯ ಹತ್ತಿರ ನಿಂತು ಒತ್ತಿದೆ.

ನೀನು ಹೇಳಿದಂತೆ ವಯರು ಕಿತ್ತು ಕೂಡ ನೋಡಿದೆ. ಹಸಿರು ದೀಪ ಬಂದೇ ಬಂತು. ಎಂಥ ಗಟ್ಟಿ ಮಾಲು ನೋಡು, ಕರೆಂಟು ಕಿತ್ತರೂ ಬಗ್ಗುವುದಿಲ್ಲ. ಅಂಗಡಿಗೆ ವಾಪಸ್ಸು ಕೊಡು ಎಂದು ಬರೆದಿದ್ದೀಯೆ. ಕುಮ್‌ನ ಮುಂದೆ ಹೋಗಿ, ನೀನು ಕೊಟ್ಟದ್ದು ಸರಿಯಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಅವನ ಮಗಳ ಮದುವೆಯಲ್ಲಿ ಮುಂದೆ ಕೂತವನು ನಾನು.

ಎಷ್ಟು ಕೊಟ್ಟೆನೆಂದರೆ, ತಕ್ಕ ಬೆಲೆ ಕೊಟ್ಟೆ.

ನಿನ್ನ ಮಾವ,
ವುಕಾಶಿನ್


ಪಟ್ಟಣದ ಆಸ್ಪತ್ರೆ, ೨೭ ಡಿಸೆಂಬರ್ ೨೦೧೮

ಯಾಗೊದಾ,

ನೀನು ಉತ್ತರ ಬರೆಯುವಂತಿಲ್ಲ ಎಂದು ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ತಾರೀಖು ಸಂತ ನಿಕೋಲನ ದಿನ, ತಿಹೊಮಿರ್‌ನ ಮನೆದೇವರ ಹಬ್ಬ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ, ಹೋಗಬೇಕಾದವರು ಹೋಗುತ್ತಾರೆ. ಅವನಿಗೆ ಕುಮ್ ಆದ ನಾನು ಹೋಗದೆ ಮೇಣದ ಬತ್ತಿಯನ್ನೂ ಹಚ್ಚುವುದಿಲ್ಲ. ಹನ್ನೊಂದು ಗಂಟೆಗೆ ಅಕ್ಕನಿಗೆ ಹೇಳಿದೆ: "ಎರಡು ತಾಸು ಅಕ್ಕ. ನಾಲ್ಕಕ್ಕೆ ರೊಸಾಂದಾ ಬರ್ತಾಳೆ, ಅಷ್ಟರೊಳಗೆ ನಾನೇ ಬಂದಿರ್ತೀನಿ. ಎಲ್ಲಾ ನಿನ್ನ ಕೈಲೇ ಇದೆಯಲ್ಲ." ಹೋಗು ಎಂದು ಕಣ್ಣು ಮಿಟುಕಿಸಿದಳು.

ಊಟಕ್ಕೆ ಮೀನು, ಹುರುಳಿ. ನನ್ನನ್ನು ಮೇಜಿನ ತಲೆಯ ಕಡೆ ಕೂರಿಸಿದರು. ಎದ್ದರೆ ಹಬ್ಬ ಅರ್ಧಕ್ಕೆ ನಿಂತ ಹಾಗೆ. ಎರಡಕ್ಕೆ ಏಳಲು ಹೋದೆ. "ಎಲ್ಲಿಗೆ ಕುಮ್, ಸಂತನಿಗೆ ಬೆನ್ನು ಹಾಕ್ತೀಯಾ?" ಎಂದ ತಿಹೊಮಿರ್. ಕೂತೆ. ಅಲ್ಲಿದ್ದವರು ಅಕ್ಕನ ಆರೋಗ್ಯ ವಿಚಾರಿಸಿದರು. ಆಗ ನಾನು ಶುರು ಮಾಡಿದೆ. ಒಂದೇ ಹೆಬ್ಬೆರಳಲ್ಲಿ ನಮ್ಮಕ್ಕ ಮನೆ ಆಳುತ್ತಾಳೆ, ಬೆಲ್‌ಗ್ರೇಡಿನ ಮಂತ್ರಿಗಳ ಮನೆಯಲ್ಲೂ ಇಂಥದ್ದಿಲ್ಲ ಎಂದು. ಎಲ್ಲರೂ ಎದ್ದು ನಿಂತು ಆ ಹೆಬ್ಬೆರಳಿನ ಹೆಸರಲ್ಲಿ ಲೋಟ ಎತ್ತಿದರು. ಆಗ ಮೂರು ಗಂಟೆ ಇರಬೇಕು.

ರೊಸಾಂದಾಳ ಲೆಕ್ಕದಂತೆ ಅಕ್ಕ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಿಟಕಿ ತೆರೆದಿದ್ದಾಳೆ. ಹಾಸಿಗೆ ಹೊಲಸಾಗಿತ್ತು, ರೊಸಾಂದಾ ಬರುವುದರೊಳಗೆ ವಾಸನೆ ಹೋಗಲಿ ಎಂದು. ಆಮೇಲೆ ಅದು ಮುಚ್ಚಲಿಲ್ಲ. ಹೊರಗೆ ಸೊನ್ನೆಗಿಂತ ಒಂಬತ್ತು ಕೆಳಗೆ. ಒಲೆಯೂ ಆರಿತ್ತು.

ನಾಲ್ಕಕ್ಕೆ ಬಂದ ರೊಸಾಂದಾ ಹೇಳಿದ್ದು ಇದು. ಹೊದಿಕೆಯ ಮೇಲೆ ಹಿಮ ಬಿದ್ದು ಕರಗದೆ ಹಾಗೇ ಕೂತಿತ್ತು. ಅಕ್ಕ ಗುಂಡಿ ಒತ್ತುತ್ತಲೇ ಇದ್ದಳು. ಒತ್ತಿದಾಗಲೆಲ್ಲ ಹಸಿರು ದೀಪ ಬರುತ್ತಿತ್ತು. ಹೆಬ್ಬೆರಳಿನ ಚರ್ಮ ಕಿತ್ತು ರಿಮೋಟಿಗೆ ಅಂಟಿತ್ತು. ರೊಸಾಂದಾ ಅದನ್ನು ಬಿಡಿಸಿಕೊಳ್ಳಲು ಹೋದರೆ ಬಿಡಲಿಲ್ಲ, ಅವಳ ಮುಖ ನೋಡುತ್ತ ಇನ್ನೂ ಎರಡು ಸಲ ಒತ್ತಿದಳಂತೆ.

ನಾನು ಮನೆ ತಲುಪಿದಾಗ ಆಂಬುಲೆನ್ಸು ಹೊರಟಿತ್ತು. ರೊಸಾಂದಾ ನನ್ನ ಮೂತಿಯ ಹತ್ತಿರ ಮೂಗು ತಂದಳು.

"ಕುಡಿದಿದೀಯಾ?"

"ಹಬ್ಬ."

"ಹಬ್ಬ," ಎಂದಳು. 

ನ್ಯುಮೋನಿಯಾ, ಎರಡೂ ಪುಪ್ಪುಸಕ್ಕೆ. ಗಾಜಿನ ಈಚೆ ನಿಂತು ನೋಡಲು ದಿನಕ್ಕೆ ಹತ್ತು ನಿಮಿಷ ಬಿಡುತ್ತಾರೆ. ಮಠಕ್ಕೆ ಫೋನು ಮಾಡಬಹುದಿತ್ತು. ಮೂರು ಸಲ ನಂಬರು ಒತ್ತಿ, ಆಚೆ ರಿಂಗ್ ಆಗುವ ಮುಂಚೆ ಇಟ್ಟೆ.

ವುಕಾಶಿನ್


೧೨ ಜನವರಿ ೨೦೧೯

ಮಾವ,

ಅಮ್ಮ ಬದುಕಿದ್ದಾಳೆ ಎಂದು ಹಿರಿಯಮ್ಮ ಆಸ್ಪತ್ರೆಗೆ ಫೋನು ಮಾಡಿ ತಿಳಿದುಕೊಂಡರು. ನಿಮ್ಮ ಕಾಗದವನ್ನೂ ಅವರೇ ನನಗೆ ಕೊಟ್ಟರು. ನಾನು ಅದನ್ನು ಓದಿ ಮೇಣದ ಕೋಣೆಗೆ ಹೋಗಿ ಬತ್ತಿ ಅದ್ದುವ ಕೆಲಸ ಮಾಡಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಆದದ್ದು ಇಷ್ಟಿರಬೇಕು. ರಿಮೋಟಿನೊಳಗಿನ ನಾಣ್ಯದಷ್ಟು ಬ್ಯಾಟರಿ ಚಳಿಗೆ ಸೊರಗುತ್ತದೆ. ದೀಪಕ್ಕೆ ಬೇಕಾದ ಶಕ್ತಿ ಕಡಿಮೆ, ಆದ್ದರಿಂದ ಅದು ಹತ್ತುತ್ತದೆ. ಕೂಗು ಮಾತ್ರ ಕಿಟಕಿಯವರೆಗೆ ತಲುಪುವುದಿಲ್ಲ. ಹಸಿರು ಎಂದರೆ ನೀನು ಒತ್ತಿದೆ ಎಂದಷ್ಟೇ. ಕಿಟಕಿಗೆ ಕೇಳಿಸಿತು ಎಂದಲ್ಲ.

ನಿಮ್ಮನ್ನು ಬೈಯುವುದಕ್ಕೆ ಬರೆಯುತ್ತಿಲ್ಲ. ಕಿಟಕಿ ಬೇಕೆಂದು ಹಟ ಹಿಡಿದವಳು ನಾನು. ವಯರು ಕಿತ್ತರೂ ಹಸಿರು ಬಂತು ಎಂಬ ನಿಮ್ಮ ಕಾಗದ ಡಿಸೆಂಬರ್ ಎರಡಕ್ಕೇ ನನ್ನ ಕೈಯಲ್ಲಿತ್ತು. ಒಂದು ಫೋನು ಮಾಡುತ್ತೇನೆ ಎಂದು ಹಿರಿಯಮ್ಮನನ್ನು ಕೇಳಿದೆ. ಮಗಳೇ, ನಿಯಮ ಎಂದರು. ಎರಡನೆಯ ಸಲ ಕೇಳಿದ್ದರೆ ಬಿಡುತ್ತಿದ್ದರು. ನಾನು ಕೇಳಲಿಲ್ಲ. ವಿಧೇಯತೆ ಎಂದುಕೊಂಡೆ. ಹದಿನೇಳು ದಿನ ನನ್ನ ಕೈಯಲ್ಲಿದ್ದವು.

ಈಗ ಮುಂದಿನದು. ಉತ್ತರ ಕೊಡುವ ಬಗೆಯ ರಿಮೋಟಿನ ಹೆಸರು, ಸಿಗುವ ಅಂಗಡಿ, ಎಲ್ಲ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ನಮ್ಮ ಮಠಕ್ಕೆ ಮೇಣ ತರುವ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಬಂದು ಜೋಡಿಸಿ ಕೊಡುತ್ತಾರೆ. ಎಲ್ಲ ಸೇರಿ ತೊಂಬತ್ತು ಸಾವಿರ ದಿನಾರ್ ಆಗುತ್ತದೆ. ನನ್ನ ಹತ್ತಿರ ಏನೂ ಇಲ್ಲ ಎಂದು ನಿಮಗೆ ಗೊತ್ತು. ಅಮ್ಮನ ಡಬ್ಬಿಯಲ್ಲಿ ಎಷ್ಟು ಉಳಿದಿದೆ? ನಿಜ ಬರೆಯಿರಿ.

ಫೆವ್ರೊನಿಯಾ


ವ್ರೆಲಿಷ್ಟೆ, ೩ ಫೆಬ್ರವರಿ ೨೦೧೯

ಯಾಗೊದಾ,

ಅಕ್ಕ ಮನೆಗೆ ಬಂದು ಐದು ದಿನವಾಯಿತು. ಉಸಿರಿನಲ್ಲಿ ಇನ್ನೂ ಶಬ್ದವಿದೆ. ಇದ್ದ ನಾಲ್ಕೈದು ಮಾತುಗಳಲ್ಲಿ ನನ್ನ ಹೆಸರಿನ ಅರ್ಧ ಹೋಗಿದೆ. ಬೈಗುಳವೂ ಕೇಳಿಸುತ್ತಿಲ್ಲ. ಬೈದರೆ ಸಾಕು ಎಂದು ಬೇಕೆಂದೇ ಸೂಪು ಚೆಲ್ಲಿ ನೋಡಿದೆ. ಗೋಡೆ ನೋಡಿದಳು.

ಹೆಬ್ಬೆರಳಿನ ಗಾಯ ಮಾಗಿದೆ, ಆಡುತ್ತದೆ. ಡಾಕ್ಟರು ಅದನ್ನೇ ಎರಡು ಸಲ ಹೇಳಿದರು, ಬೆರಳು ಆಡುತ್ತದೆ ಎಂದು. ಹೊಸ ಬ್ಯಾಟರಿ ಹಾಕಿ ರಿಮೋಟನ್ನು ಅವಳ ಕೈಗೆ ಇಟ್ಟೆ. ಬೆರಳನ್ನು ಎತ್ತಿ ಪಕ್ಕಕ್ಕೆ ಸರಿಸಿಕೊಂಡಳು. ಅದು ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ರೊಸಾಂದಾ ಬಾಗಿಲಲ್ಲಿ ನಿಂತಿದ್ದಳು. "ಸಾಕು ಮಾಡು ವುಕಾಶಿನ್," ಎಂದಳು. "ಅವಳು ನಾಲ್ಕು ತಾಸು ಒತ್ತಿದಾಳೆ. ಇನ್ನೆಷ್ಟು ಒತ್ತಬೇಕು?"

ಈಗ ಕಿಟಕಿಯನ್ನು ನಾನೇ ತೆರೆಯುತ್ತೇನೆ. ದಿನಕ್ಕೆ ಮೂರು ಸಲ, ಅವಳಿಗೆ ಎರಡು ಕಂಬಳಿ ಹೊದಿಸಿ. ಬೇಕೋ ಬೇಡವೋ ಅವಳು ಹೇಳುವುದಿಲ್ಲ. ಸಾಕೋ ಇನ್ನೂ ಬೇಕೋ ಅದನ್ನೂ ಹೇಳುವುದಿಲ್ಲ. ನಾನು ಗಡಿಯಾರ ನೋಡಿ ಮುಚ್ಚುತ್ತೇನೆ. ಕೆಲವು ಸಲ ಬೇಗ ಮುಚ್ಚಿದೆನೇನೋ ಎನ್ನಿಸುತ್ತದೆ, ಕೆಲವು ಸಲ ತಡವಾಯಿತೇನೋ ಎನ್ನಿಸುತ್ತದೆ.

ನೀನು ಬರೆದ ಹೊಸ ರಿಮೋಟಿನ ವಿಷಯ ಅವಳಿಗೆ ಓದಿ ಹೇಳಿದೆ. ಆಚೆಯಿಂದ ಉತ್ತರ ಬಂದ ಮೇಲೇ ದೀಪ ಹತ್ತುತ್ತದಂತೆ ಅಕ್ಕ, ಬಾರದಿದ್ದರೆ ಕೆಂಪು ತೋರಿಸುತ್ತದಂತೆ ಎಂದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬೆರಳು ಒಂದು ಸಲ ಹೊದಿಕೆಯ ಮೇಲೆ ಅಲ್ಲಾಡಿತು. ಹೌದು ಎಂದೋ, ಸುಮ್ಮನೆ ಅದುರಿತೋ ಗೊತ್ತಿಲ್ಲ. ಹೌದು ಎಂದಿರಬಹುದು, ಯಾಗೊದಾ. ಅದಕ್ಕೇ ಈ ಕಾಗದ ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿದೆ.

ಶುಕ್ರವಾರ ತಿಹೊಮಿರ್‌ನ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವನು ಬಾಗಿಲಿಗೇ ಬಂದು ಮೂರು ಸಲ ಮುತ್ತಿಟ್ಟ. ಅಕ್ಕನ ಸುದ್ದಿ ಕೇಳಿದಾಗಿನಿಂದ ನಿದ್ದೆಯಿಲ್ಲ ಕುಮ್ ಎಂದು ಅತ್ತ. ನಿಜವಾಗಿ ಅತ್ತ, ನಾಟಕವಲ್ಲ. ನಾನು ಅವನನ್ನು ಸಮಾಧಾನ ಮಾಡಿದೆ. ಹೊರಡುವಾಗ ಅಕ್ಕನಿಗೆ ಎದೆಗೆ ಹಚ್ಚಲು ಎಂದು ಒಂದು ಬಾಟಲಿ ರಾಕಿಯಾ ಕೊಟ್ಟ. ಅದನ್ನು ತೆಗೆದುಕೊಂಡು, ಧನ್ಯವಾದ ಹೇಳಿ, ಬಸ್ಸು ಹತ್ತಿದೆ.

ಅವನು ಮೋಸ ಮಾಡಿದ ಎಂದು ನೀನು ತಿಳಿಯಬಾರದು. ಅಕ್ಟೋಬರಿನಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಐವತ್ತು ಸಾವಿರ. ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬ, ವುಕಾಶಿನ್ ಈಗ ಚೌಕಾಸಿ ಮಾಡ್ತಾನೆ ನೋಡಿ ಎಂದ. ನಾನು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ನನ್ನ ಕುಮ್‌ನ ಮುಂದೆ ನಾನು ಎಣಿಸುವವನಲ್ಲ, ಎಲ್ಲಾ ಇಟ್ಕೋ ಎಂದೆ. ಬೇಡ ಅಂತಾನೆ, ಅರ್ಧ ಹಿಂದಕ್ಕೆ ತಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಇಟ್ಟುಕೊಂಡ.

ಡಬ್ಬಿ ಕೊಂಡೊಯ್ಯುವ ಹಿಂದಿನ ರಾತ್ರಿ ಅಕ್ಕ ನನ್ನ ಕೈಲಿ ಎಣಿಕೆ ಮಾಡಿಸಿದ್ದಳು, ಒಂದೊಂದು ನೋಟಿಗೂ ಬೆರಳು ಆಡಿಸಿ. ಆದ್ದರಿಂದ ಮೊತ್ತ ನನಗೆ ಗೊತ್ತು. ಡಬ್ಬಿಯಲ್ಲಿ ಈಗ ಏನೂ ಇಲ್ಲ. ಇದ್ದದ್ದು ಎರಡು ಲಕ್ಷ ಹದಿನಾಲ್ಕು ಸಾವಿರದ ಆರುನೂರು ದಿನಾರ್.

ವುಕಾಶಿನ್